ಗೂಡುದೀಪ ಮನೆಯಲ್ಲೇ ಕಟ್ಟೋಣ: ಬಿದಿರು ಸೀಳುವುದರಿಂದ ಅಟ್ಟಕ್ಕೆ ಏರಿಸುವವರೆಗೆ

ಮಂಗಳೂರು, ಉಡುಪಿಯ ಕಡೆ ಚಳಿಗಾಲ ಹತ್ತಿರವಾಯಿತೆಂದು ಮೊದಲು ಹೇಳುವುದು ಒಗೆದ ಬಟ್ಟೆ. ಜೂನ್‌ನಿಂದ ಮನೆಯೊಳಗಿನ ಹಗ್ಗದ ಮೇಲೆ ಎರಡೆರಡು ದಿನ ನೇತಾಡಿಯೂ ಮುಗ್ಗಲು ವಾಸನೆ ಬಿಡದ ಬಟ್ಟೆ ಅಕ್ಟೋಬರ್ ಬಿಸಿಲಿಗೆ ಅಂಗಳದಲ್ಲಿ ಒಂದೇ ಹೊತ್ತಿಗೆ ಗರಿಗರಿಯಾಗುತ್ತದೆ. ಸ್ವೆಟರು ಹುಡುಕುವಷ್ಟು ಚಳಿ ನಮ್ಮಲ್ಲಿಲ್ಲ. ಡಿಸೆಂಬರ್, ಜನವರಿಯ ಬೆಳಗಿನ ಜಾವಕ್ಕೂ ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಆದರೆ ಬಿದಿರು, ಕಾಗದ, ಅಂಟು ಇವನ್ನು ನಂಬಿಕೊಂಡು ಏನಾದರೂ ಮಾಡಬೇಕೆಂದಿದ್ದರೆ ವರ್ಷದಲ್ಲಿ ಇದಕ್ಕಿಂತ ಒಳ್ಳೆಯ ಸಮಯ ಸಿಗದು. ಮಳೆಗಾಲದಲ್ಲಿ ಹಚ್ಚಿದ ಅಂಟು ಬೇಗ ಆರುವುದಿಲ್ಲ, ಆರಿದರೂ ಬೂಷ್ಟು ಹಿಡಿಯುತ್ತದೆ.

ಹಾಗಾಗಿ ದೀಪಾವಳಿಗೆ ಗೂಡುದೀಪ. ಅಂಗಡಿಯಿಂದ ಮಡಚಿದ ಪ್ಲಾಸ್ಟಿಕ್ ಗೂಡುದೀಪ ತಂದು ಬಿಡಿಸಿ ತೂಗುಹಾಕುವುದು ಅಪರಾಧವೇನಲ್ಲ. ಐದು ನಿಮಿಷದಲ್ಲಿ ಮುಗಿಯುತ್ತದೆ. ಮನೆಯಲ್ಲಿ ಯಾರಿಗೂ ಮಾಡಲು ಏನೂ ಉಳಿಯುವುದಿಲ್ಲ, ಅಷ್ಟೆ. ಕೈಯಾರೆ ಕಟ್ಟುವ ಗೂಡುದೀಪದಲ್ಲಿ ಕತ್ತಿ ಹಿಡಿಯಬಲ್ಲವರಿಗೆ ಒಂದು ಕೆಲಸ, ಹೂ ಕಟ್ಟಲು ಬಲ್ಲವರಿಗೆ ಒಂದು, ಅಂಟು ಕುದಿಸುವವರಿಗೆ ಒಂದು, ಕತ್ತರಿ ಸಿಕ್ಕಿದರೆ ಸಾಕೆಂದು ಕುಣಿಯುವ ಮಕ್ಕಳಿಗೆ ನಾಲ್ಕಾರು. ಎಲ್ಲರ ಕಣ್ಣೂ ಕಾಗದದ ಬಣ್ಣದ ಮೇಲೆ ಇರುತ್ತದೆ. ಗೂಡುದೀಪದ ಹಣೆಬರಹ ನಿರ್ಧಾರವಾಗುವುದು ಮಾತ್ರ ಚೌಕಟ್ಟಿನಲ್ಲಿ. ಚೌಕಟ್ಟು ಸೊಟ್ಟಗಾದರೆ ಯಾವ ಕಾಗದವೂ ಅದನ್ನು ಮುಚ್ಚಿಡಲಾರದು. ಆದ್ದರಿಂದ ಈ ಲೇಖನದಲ್ಲಿ ಬಿದಿರಿಗೂ ಗಂಟಿಗೂ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವಾಗ ಶುರು ಮಾಡುವುದು

ವಿಜಯದಶಮಿಯಿಂದ ದೀಪಾವಳಿ ಅಮಾವಾಸ್ಯೆಗೆ 20 ದಿನ. ಮಕ್ಕಳಿಗೆ ದಸರಾ ರಜೆ ಇರುವಾಗಲೇ ಬಿದಿರು ತಂದು ಸೀಳಿ ಇಟ್ಟುಕೊಳ್ಳಿ. ಮುಂದಿನ ಭಾನುವಾರ ಚೌಕಟ್ಟು ಕಟ್ಟಿ, ಅದರ ಮುಂದಿನ ಭಾನುವಾರ ಕಾಗದ ಹಚ್ಚಿ. ನರಕ ಚತುರ್ದಶಿಯ ಹಿಂದಿನ ರಾತ್ರಿಯನ್ನು ಈ ಕೆಲಸಕ್ಕೆ ಉಳಿಸಿಕೊಳ್ಳಬೇಡಿ. ಅಂದು ಬಚ್ಚಲಿನ ಹಂಡೆ ತಿಕ್ಕಿ ನೀರು ತುಂಬುವುದಿದೆ, ಗಟ್ಟಿ ಎಂಬ ಕಡುಬಿಗೆ ಅರಿಶಿನ ಎಲೆ ಒರೆಸುವುದಿದೆ, ಬೆಳಿಗ್ಗೆ ಬೇಗ ಎದ್ದು ಎಣ್ಣೆ ಸ್ನಾನ ಮಾಡುವುದಿದೆ. ಅದರ ನಡುವೆ ಅಂಟು ಮೆತ್ತಿದ ಕೈ ಹಿಡಿದುಕೊಂಡು ನಿಂತರೆ ಬೈಸಿಕೊಳ್ಳುವುದು ಖಂಡಿತ.

ಅಕ್ಟೋಬರ್ ಪೂರ್ತಿ ಒಣ ತಿಂಗಳೂ ಅಲ್ಲ. ಮಧ್ಯಾಹ್ನದ ಮೇಲೆ ಘಟ್ಟದ ಕಡೆ ಮೋಡ ಕಟ್ಟಿ, ಸಂಜೆ ಗುಡುಗು ಸಹಿತ ಒಂದು ಮಳೆ ಸುರಿದು ಹೋಗುವ ದಿನಗಳು ಬೇಕಾದಷ್ಟಿವೆ. ಅಂಟಿನ ಕೆಲಸವೆಲ್ಲ ಬೆಳಗ್ಗೆ ಮುಗಿಯುವಂತೆ ನೋಡಿಕೊಳ್ಳಿ. ಮಧ್ಯಾಹ್ನದ ಬಿಸಿಲಿನೊಳಗೆ ಅದು ಆರಿರುತ್ತದೆ.

ಬಿದಿರು

ಹಸಿ ಬಿದಿರು ಬೇಕು. ಒಣಗಿದ್ದು ಸೀಳುವಾಗ ಎಲ್ಲೆಲ್ಲೋ ಓಡುತ್ತದೆ, ಬಾಗಿಸಿದರೆ ಚಟ್ಟೆಂದು ಮುರಿಯುತ್ತದೆ. ತೋಟದ ಬದಿಯಲ್ಲಿ ಬಿದಿರಿನ ಮೆಳೆ ಇರುವ ಪರಿಚಯದವರು ಯಾರಾದರೂ ಇದ್ದರೆ ಒಂದು ತುಂಡು ಕೇಳಿ ತನ್ನಿ. ನಗರದಲ್ಲಿರುವವರು ಬುಟ್ಟಿ ಹೆಣೆಯುವವರ ಬಳಿ ಕೇಳಬಹುದು. ಅವರು ಸೀಳಿಯೇ ಕೊಟ್ಟಾರು, ಕೊಟ್ಟರೆ ಚೌಕಾಸಿ ಮಾಡದೆ ಕೇಳಿದ್ದು ಕೊಡಿ. ಒಮ್ಮೆ ನೀವೇ ಸೀಳಿ ನೋಡಿದರೆ ಆ ಬೆಲೆ ಎಷ್ಟು ಕಡಿಮೆ ಎಂದು ಗೊತ್ತಾಗುತ್ತದೆ.

ಮುಂಗೈ ದಪ್ಪದ ಬಿದಿರಿನಲ್ಲಿ ಗೆಣ್ಣಿನಿಂದ ಗೆಣ್ಣಿಗೆ 32 ಸೆಂ.ಮೀ.ಗಿಂತ ಹೆಚ್ಚು ಉದ್ದವಿರುವ ಎರಡು ತುಂಡುಗಳನ್ನು ಗರಗಸದಲ್ಲಿ ಕೊಯ್ದು ತೆಗೆಯಿರಿ. ಗೆಣ್ಣು ಬಿಟ್ಟು ಕೊಯ್ದರೆ ಕಡ್ಡಿಯಲ್ಲಿ ಎಲ್ಲೂ ಗಂಟಿರುವುದಿಲ್ಲ. ತುಂಡನ್ನು ನೆಟ್ಟಗೆ ನಿಲ್ಲಿಸಿ, ಬಾಯಿಯ ನಟ್ಟನಡುವೆ ಕತ್ತಿಯ ಅಲಗು ಇಟ್ಟು, ಕತ್ತಿಯ ಬೆನ್ನಿಗೆ ಮರದ ಕೊರಡಿನಿಂದ ಹೊಡೆಯಿರಿ. ಸೀಳಿದ ಅರ್ಧವನ್ನು ಮತ್ತೆ ಅರ್ಧ, ಅದನ್ನು ಮತ್ತೆ ಅರ್ಧ. ಎರಡು, ನಾಲ್ಕು, ಎಂಟು, ಹದಿನಾರು, ಮೂವತ್ತೆರಡು: ಒಂದು ತುಂಡಿನಿಂದ 32 ಕಡ್ಡಿ ಬರುತ್ತವೆ, ನಮಗೆ ಬೇಕಾದದ್ದು 30. ಎರಡನೆಯ ತುಂಡು ಮುರಿದುಹೋಗುವ ಕಡ್ಡಿಗಳ ಲೆಕ್ಕಕ್ಕೆ. ಸಮಪಾಲು ಮಾಡುವುದೇ ಇಲ್ಲಿನ ಗುಟ್ಟು. ಒಂದು ಬದಿಗೆ ಹೆಚ್ಚು, ಇನ್ನೊಂದು ಬದಿಗೆ ಕಡಿಮೆ ಬರುವಂತೆ ಅಲಗು ಇಟ್ಟರೆ ಸೀಳು ತೆಳುವಾದ ಕಡೆಗೇ ಜಾರಿಕೊಂಡು ಹೋಗಿ ಕಡ್ಡಿ ಅರ್ಧದಲ್ಲೇ ಮುಗಿಯುತ್ತದೆ.

ಇದು ದೊಡ್ಡವರ ಕೆಲಸ. ಮಕ್ಕಳು ದೂರ ಕುಳಿತು ನೋಡಲಿ, ಎಣಿಸಲಿ.

ಪ್ರತಿ ಕಡ್ಡಿಯ ಒಳಮೈಯ ಬಿಳಿ ತಿರುಳನ್ನು ಚೂರಿಯಿಂದ ಹೆರೆದು ಸುಮಾರು 3 ಮಿ.ಮೀ. ದಪ್ಪಕ್ಕೆ ತನ್ನಿ. ಹೊರಗಿನ ಹಸಿರು ಸಿಪ್ಪೆಯನ್ನು ಮುಟ್ಟಬೇಡಿ, ಬಿದಿರಿನ ಬಲವೆಲ್ಲ ಅಲ್ಲಿದೆ. ಸಿಪ್ಪೆಯ ಅಂಚು ಹರಿತವಾಗಿರುತ್ತದೆ. ಕಾಗದವನ್ನೂ ಕೈಯನ್ನೂ ಕೊಯ್ಯುತ್ತದೆ. ಮರಳು ಕಾಗದದಿಂದ ಎರಡು ಸಲ ಉಜ್ಜಿದರೆ ಸಾಕು. ಉಜ್ಜಿದ ಕಡ್ಡಿಗಳನ್ನು ಕಟ್ಟು ಕಟ್ಟಿ ನೆರಳಿನಲ್ಲಿ ವಾರ ಬಿಡಿ. ನೇರ ಬಿಸಿಲಿಗೆ ಹಾಕಿದರೆ ಡೊಂಕಾಗುತ್ತವೆ.

ಬಿದಿರು ಸಿಗಲೇ ಇಲ್ಲವೆಂದರೆ ಅಡಿಕೆ ಮರದ ಸಲಾಕೆ ಆದೀತು, ಸ್ವಲ್ಪ ಭಾರ. ಹಿಡಿಸೂಡಿ (ತೆಂಗಿನ ಗರಿಕಡ್ಡಿಯ ಪೊರಕೆ) ಕಡ್ಡಿಯಿಂದ ಅಂಗೈಯಗಲದ ಪುಟ್ಟ ಗೂಡುದೀಪ ಮಾಡಬಹುದು. ಮಕ್ಕಳ ಅಭ್ಯಾಸಕ್ಕೆ ಅದು ಬಹಳ ಒಳ್ಳೆಯದು. ಹೊಸ ಹಿಡಿಸೂಡಿಯಿಂದ ಕಡ್ಡಿ ಎಳೆಯುವ ಮುನ್ನ ಮನೆಯ ಯಜಮಾನಿಯ ಅನುಮತಿ ಪಡೆಯುವುದು ಕ್ಷೇಮ.

ಆರು ಚೌಕ

ನಾವು ಕಟ್ಟುವ ಗೂಡುದೀಪಕ್ಕೆ ಆರು ಚೌಕಗಳು, ಅವುಗಳ ನಡುವೆ ತಾವಾಗಿಯೇ ಮೂಡುವ ಎಂಟು ತ್ರಿಕೋನಗಳು. ಒಟ್ಟು 14 ಮುಖ. ಕಟ್ಟಬೇಕಾದದ್ದು ಚೌಕ ಮಾತ್ರ, ತ್ರಿಕೋನ ಉಚಿತ. ಹತ್ತನೆಯ ತರಗತಿಯ ಮಗಳೋ ಮಗನೋ ಮನೆಯಲ್ಲಿದ್ದರೆ ಕಾಗದದ ಮೇಲೆ ಬರೆದು ತೋರಿಸಲು ಹೇಳಿ, ಜ್ಯಾಮಿತಿ ಒಂದು ದಿನವಾದರೂ ಕೆಲಸಕ್ಕೆ ಬರಲಿ.

ಇಪ್ಪತ್ತನಾಲ್ಕು ಕಡ್ಡಿಗಳನ್ನು 22 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಎರಡೂ ತುದಿಯಿಂದ ಒಂದೊಂದು ಸೆಂ.ಮೀ. ಒಳಗೆ ಪೆನ್ಸಿಲಿನಿಂದ ಗುರುತು ಹಾಕಿ. ಗುರುತುಗಳ ನಡುವಿನ 20 ಸೆಂ.ಮೀ. ನಮ್ಮ ನಿಜವಾದ ಅಳತೆ. ಉಳಿದ ಆರು ಕಡ್ಡಿ 31 ಸೆಂ.ಮೀ. ಉದ್ದವಿರಲಿ, ಅವು ಚೌಕಕ್ಕೆ ಕರ್ಣಗಳು. ಗುರುತಿನ ಮೇಲೆ ಗುರುತು ಕೂರುವಂತೆ ನಾಲ್ಕು ಕಡ್ಡಿ ಜೋಡಿಸಿ ಮೂಲೆಗಳನ್ನು ಕಟ್ಟಿ. ಕಟ್ಟಿದ ಚೌಕವನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ ನೋಡಿ: ಎಷ್ಟೇ ಬಿಗಿಯಾಗಿ ಕಟ್ಟಿದ್ದರೂ ಅದು ಪಕ್ಕಕ್ಕೆ ವಾಲಿ ಓರೆಯಾಗುತ್ತದೆ. ತ್ರಿಕೋನವನ್ನು ಹಾಗೆ ಓರೆ ಮಾಡಲು ಬರುವುದಿಲ್ಲ. ಈ ಒಂದು ಸಂಗತಿ ಅರ್ಥವಾದರೆ ಗೂಡುದೀಪ ಯಾಕೆ ಸೊಟ್ಟಗಾಗುತ್ತದೆ ಎಂಬುದು ಅರ್ಥವಾದಂತೆ. ಪರಿಹಾರವೂ ಅಲ್ಲೇ ಇದೆ. ಮೂಲೆಯಿಂದ ಎದುರು ಮೂಲೆಗೆ ಒಂದು ಕರ್ಣದ ಕಡ್ಡಿ ಕೊಟ್ಟರೆ ಚೌಕ ಎರಡು ತ್ರಿಕೋನವಾಗಿ ಗಟ್ಟಿಯಾಗಿ ನಿಲ್ಲುತ್ತದೆ. 20 ಸೆಂ.ಮೀ. ಚೌಕದ ಕರ್ಣ 28 ಸೆಂ.ಮೀ.ಗಿಂತ ತುಸು ಹೆಚ್ಚು, 28.3. ಕರ್ಣದ ಕಡ್ಡಿಯ ಮೇಲೆ ಆ ಅಳತೆಗೆ ಗುರುತು ಹಾಕಿ ಕಟ್ಟಿದರೆ ಚೌಕ ಚೌಕವಾಗಿಯೇ ಇರುತ್ತದೆ.

ಕರ್ಣವನ್ನು ಎಳೆದರೆ ಬಿಚ್ಚುವ ಜಾರುಗಂಟಿನಿಂದ ಕಟ್ಟಿ. ಮೇಲಿನ ಮತ್ತು ಕೆಳಗಿನ ಚೌಕದ ಕರ್ಣಗಳನ್ನು ಮಾತ್ರ ಶಾಶ್ವತವಾಗಿ ಬಿಗಿಯಿರಿ. ಬದಿಯ ನಾಲ್ಕು ಚೌಕಗಳಲ್ಲಿ ಕರ್ಣ ಉಳಿದರೆ ದೀಪ ಹಚ್ಚಿದಾಗ ಕಾಗದದ ನಡುವೆ ಕಪ್ಪು ಗೆರೆ ಕಾಣುತ್ತದೆ. ಅವನ್ನು ಆಮೇಲೆ ತೆಗೆಯಲಿದ್ದೇವೆ.

ಗಂಟು ಹಾಕುವ ಕೆಲಸವನ್ನು ಮನೆಯಲ್ಲಿ ಮಲ್ಲಿಗೆ ಕಟ್ಟಿ ಅಭ್ಯಾಸವಿರುವವರಿಗೆ ಬಿಡಿ. ಬಾಳೆನಾರಿನಲ್ಲಿ ಸಾವಿರಗಟ್ಟಲೆ ಮೊಗ್ಗು ಕಟ್ಟಿದ ಬೆರಳುಗಳಿಗೆ ಎಷ್ಟು ಬಿಗಿಯಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. "ಅಜ್ಜೀ, ಇದು ಹೂವಲ್ಲ, ಇನ್ನೂ ಜೋರಾಗಿ ಎಳೆಯಿರಿ" ಎಂದು ಮೊಮ್ಮಕ್ಕಳು ಹೇಳಬಹುದು. ಅಜ್ಜಿ ಕಟ್ಟಿದ ಮೂಲೆಯನ್ನೂ ತಾವು ಕಟ್ಟಿದ್ದನ್ನೂ ಮರುದಿನ ಅಲ್ಲಾಡಿಸಿ ನೋಡಿದ ಮೇಲೆ ಸುಮ್ಮನಾಗುತ್ತಾರೆ. ಕ್ರಮ ಇಷ್ಟೇ. ಗಟ್ಟಿ ಹತ್ತಿ ನೂಲನ್ನು ಎರಡೆಳೆ ಮಾಡಿ, ಕಡ್ಡಿಗಳು ಕೂಡುವಲ್ಲಿ ಒಂದು ಕರ್ಣದ ದಿಕ್ಕಿನಲ್ಲಿ ಮೂರು ಸುತ್ತು, ಇನ್ನೊಂದು ದಿಕ್ಕಿನಲ್ಲಿ ಮೂರು ಸುತ್ತು. ಕೊನೆಗೆ ಎರಡು ಕಡ್ಡಿಗಳ ಸಂದಿನೊಳಗಿಂದ, ಸುತ್ತಿದ ನೂಲನ್ನೇ ಹಿಂಡುವ ಹಾಗೆ ಎರಡು ಸುತ್ತು ಎಳೆದು ಗಂಟು. ಬಿಗಿ ಕೊಡುವುದು ಈ ಕೊನೆಯ ಎರಡು ಸುತ್ತು, ಹೆಚ್ಚಿನವರು ಬಿಟ್ಟುಬಿಡುವುದೂ ಇದನ್ನೇ. ಗಂಟಿನ ಮೇಲೆ ಒಂದು ಹನಿ ಫೆವಿಕಾಲ್.

ಈಗ ಜೋಡಣೆ. ಕರ್ಣ ಬಿಗಿದ ಒಂದು ಚೌಕವನ್ನು ನೆಲದ ಮೇಲೆ ಮಲಗಿಸಿ, ಇದು ತಳ. ಬದಿಯ ನಾಲ್ಕು ಚೌಕಗಳು ಬದಿಯ ಮೇಲೆ ಕೂರುವುದಿಲ್ಲ, ಮೂಲೆಯ ಮೇಲೆ ನಿಲ್ಲುತ್ತವೆ, ಕರಿದ ಶಂಕರಪೋಳಿಯನ್ನು ನೆಟ್ಟಗೆ ನಿಲ್ಲಿಸಿದ ಹಾಗೆ. ತಳದ ಒಂದೊಂದು ಮೂಲೆಗೆ ಒಂದೊಂದು ಚೌಕದ ಕೆಳಮೂಲೆಯನ್ನು ಕಟ್ಟಿ. ನಾಲ್ಕೂ ಹೊರಕ್ಕೆ ಒರಗಿಕೊಂಡಿರುತ್ತವೆ. ಒಬ್ಬರು ಅವನ್ನು ಎತ್ತಿ ಹಿಡಿಯಲಿ, ಇನ್ನೊಬ್ಬರು ಪಕ್ಕಪಕ್ಕದ ಚೌಕಗಳ ಬದಿಮೂಲೆಗಳನ್ನು ಒಂದಕ್ಕೊಂದು ಕಟ್ಟಲಿ. ನಾಲ್ಕು ಗಂಟು ಬಿದ್ದಾಗ ಚೌಕಗಳು ತಾವೇ ನಿಲ್ಲುತ್ತವೆ. ಕೊನೆಗೆ ಮೇಲಿನ ಚೌಕವನ್ನು ನಾಲ್ಕು ಮೇಲ್ಮೂಲೆಗಳ ಮೇಲೆ ಇಟ್ಟು ಕಟ್ಟಿ. ಕೆಳಗೆ ನಾಲ್ಕು, ನಡುವೆ ನಾಲ್ಕು, ಮೇಲೆ ನಾಲ್ಕು, ಒಟ್ಟು 12 ಕೂಡುಗಂಟು. ಗೂಡು 28 ಸೆಂ.ಮೀ. ಎತ್ತರಕ್ಕೆ ಬರುತ್ತದೆ, ಅಗಲದ ಕಡೆ ಮೂಲೆಯಿಂದ ಮೂಲೆಗೆ 40 ಸೆಂ.ಮೀ.

ನೆಲದ ಮೇಲಿಟ್ಟು ನಾಲ್ಕೂ ಕಡೆಯಿಂದ ನೋಡಿ. ಮೇಲಿನ ಚೌಕ ತಳದ ಚೌಕದ ನೇರಕ್ಕೆ ಇರಬೇಕು. ತಿರುಚಿಕೊಂಡಂತೆ ಕಂಡರೆ ಅಂಟು ಆರುವ ಮುನ್ನವೇ ಎರಡೂ ಕೈಗಳಿಂದ ಹಿಡಿದು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸಿ, ಮೇಲೆ ಒಂದು ಪುಸ್ತಕ ಇಟ್ಟು ರಾತ್ರಿ ಹಾಗೆಯೇ ಬಿಡಿ.

ಅಂಟು ಕುದಿಸುವುದು

ಎರಡು ದೊಡ್ಡ ಚಮಚ ಮೈದಾವನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಒಂದು ಲೋಟ ನೀರು ಕುದಿಯಲು ಇಟ್ಟು, ಕುದಿ ಬಂದಾಗ ಈ ಹಿಟ್ಟಿನ ನೀರನ್ನು ಸಣ್ಣಗೆ ಹೊಯ್ಯುತ್ತಾ ಬಿಡದೆ ಕೈಯಾಡಿಸಿ. ಬಿಳಿ ಬಣ್ಣ ಹೋಗಿ ಪಾರಕವಾದಾಗ ಇಳಿಸಿ. ಆರಿದ ಮೇಲೆ ಸ್ವಲ್ಪ ಗಟ್ಟಿಯಾಗುತ್ತದೆ. ದೋಸೆ ಹಿಟ್ಟಿನ ಹದ ಸಾಕು. ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ, ನಮ್ಮ ಹವೆಯಲ್ಲಿ ಹುಳಿಯುತ್ತದೆ. ಜಿರಳೆ, ಇರುವೆ ಬಾರದಿರಲೆಂದು ಹಿಂದಿನವರು ಇದಕ್ಕೆ ಚಿಟಿಕೆ ಮೈಲುತುತ್ತು ಸೇರಿಸುತ್ತಿದ್ದರು. ಅದು ವಿಷ. ಮಕ್ಕಳು ಕೈ ಅದ್ದುವ ಅಂಟಿಗೆ ಬೇಡವೇ ಬೇಡ.

ಫೆವಿಕಾಲ್ ಸಾಲದೇ ಎಂದರೆ ಸಾಕು, ಗಂಟಿಗೆ ಅದೇ ಒಳ್ಳೆಯದು. ತೆಳು ಕಾಗದಕ್ಕೆ ಮಾತ್ರ ಮೈದಾ ಅಂಟನ್ನೇ ಶಿಫಾರಸು ಮಾಡುತ್ತೇನೆ. ನಿಧಾನವಾಗಿ ಆರುವುದರಿಂದ ಕಾಗದವನ್ನು ಸರಿಸಿ ಕೂರಿಸಲು ಸಮಯ ಸಿಗುತ್ತದೆ, ಮುಂದಿನ ವರ್ಷ ಒದ್ದೆ ಬಟ್ಟೆ ಒತ್ತಿದರೆ ಹಳೆಯ ಕಾಗದ ಚೊಕ್ಕಟವಾಗಿ ಬಿಟ್ಟುಬರುತ್ತದೆ. ಕೊನೆ ಗಳಿಗೆಯಲ್ಲಿ ಎಲ್ಲೋ ಒಂದು ಅಂಚು ಎದ್ದರೆ ನಾಲ್ಕು ಅಗುಳು ಬೆಳ್ತಿಗೆ ಅನ್ನ ಹಿಸುಕಿ ಒತ್ತಿ. ಕುಚ್ಚಲಕ್ಕಿ ಅನ್ನ ಈ ಕೆಲಸಕ್ಕೆ ಬಾರದು.

ಕಾಗದ

ಗಾಳಿಪಟಕ್ಕೆ ಬಳಸುವ ತೆಳು ಬಣ್ಣದ ಕಾಗದವೇ ಇದಕ್ಕೆ ಹೇಳಿ ಮಾಡಿಸಿದ್ದು. ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದೆ. ಗ್ಲಾಸ್ ಪೇಪರ್ ಹೊಳೆಯುತ್ತದೆ ನಿಜ, ಆದರೆ ಒಳಗಿನ ಬಲ್ಬು, ಹೋಲ್ಡರ್, ವಯರ್ ಎಲ್ಲವನ್ನೂ ಬಯಲು ಮಾಡುತ್ತದೆ. ತೆಳು ಕಾಗದ ಬೆಳಕನ್ನು ಹರಡಿ ಇಡೀ ಮುಖ ಒಂದೇ ಸಮನಾಗಿ ಬೆಳಗುವಂತೆ ಮಾಡುತ್ತದೆ. ಬಣ್ಣ ಎರಡು ಸಾಕು, ಮೂರು ಹೆಚ್ಚಾಯಿತು. ಬದಿಯ ಚೌಕಗಳಿಗೆ ಬಿಳಿ ಅಥವಾ ಹಳದಿ, ತ್ರಿಕೋನಗಳಿಗೆ ಕೆಂಪು: ಇದು ಎಂದೂ ಕೈಕೊಡದ ಜೋಡಿ. ಕಡು ನೀಲಿ, ಕಡು ಹಸಿರು ಹಗಲಲ್ಲಿ ಚೆಂದ, ರಾತ್ರಿ ಬೆಳಕನ್ನೆಲ್ಲ ನುಂಗಿಬಿಡುತ್ತವೆ.

ಪ್ರತಿ ಮುಖಕ್ಕೂ ಅಳತೆಗಿಂತ ಸುತ್ತ ಒಂದೂವರೆ ಸೆಂ.ಮೀ. ಹೆಚ್ಚು ಕಾಗದ ಕತ್ತರಿಸಿ. ಎಂಟು ತ್ರಿಕೋನ, ನಾಲ್ಕು ಚೌಕ. ಮೇಲಿನ, ಕೆಳಗಿನ ಚೌಕ ತೆರೆದೇ ಇರಬೇಕು, ಬಿಸಿಗಾಳಿ ಓಡಾಡಬೇಕಲ್ಲ. ಕಾಗದದ ಮೇಲೆ ವಿನ್ಯಾಸ ಮಾಡುವುದಾದರೆ ಈಗಲೇ, ಚೌಕಟ್ಟಿಗೆ ಹಚ್ಚುವ ಮೊದಲು. ಇಲ್ಲಿ ಮಕ್ಕಳ ಕೈಗೆ ಪೂರ್ತಿ ಬಿಟ್ಟುಬಿಡಿ. ನವರಾತ್ರಿಯ ಹುಲಿವೇಷ ನೋಡಿ ಬಂದ ಹುಡುಗನಿಗೆ ಹಳದಿಯ ಮೇಲೆ ಕಪ್ಪು ಪಟ್ಟೆಯೇ ಬೇಕು. ರಥಬೀದಿಯ ತೇರು, ಬಂಗುಡೆ ಮೀನು, ಯಕ್ಷಗಾನದ ಕೇದಗೆ ಮುಂದಲೆ, ಮಲ್ಲಿಗೆ ಅಟ್ಟೆ, ಏನು ಬೇಕಾದರೂ ಆದೀತು. ಕಪ್ಪು ಕಾಗದದಲ್ಲಿ ಆಕಾರ ಕತ್ತರಿಸಿ ಬಣ್ಣದ ಕಾಗದದ ಒಳಬದಿಗೆ ಅಂಟಿಸಲಿ. ಹಗಲು ಅಷ್ಟಾಗಿ ಕಾಣದ ಆ ಚಿತ್ರ ದೀಪ ಹಚ್ಚಿದ ಕೂಡಲೇ ಎದ್ದು ಬರುತ್ತದೆ. ಹೊರಗೆ ಅಂಟಿಸಿದರೆ ಈ ಸೋಜಿಗ ಇರುವುದಿಲ್ಲ, ಅಂಚುಗಳೂ ಗಾಳಿಗೆ ಏಳುತ್ತವೆ.

ಮೊದಲು ಎಂಟು ತ್ರಿಕೋನಗಳನ್ನು ಹಚ್ಚಿ ಆರಲು ಬಿಡಿ. ಅಂಟನ್ನು ಕಾಗದಕ್ಕಲ್ಲ, ಕಡ್ಡಿಗೆ ಸವರಿ. ಕಾಗದವನ್ನು ಮೇಲಿಟ್ಟು ನಡುವಿನಿಂದ ಅಂಚಿಗೆ ಬೆರಳಾಡಿಸಿ, ಹೆಚ್ಚಾದ ಅಂಚನ್ನು ಕಡ್ಡಿಯ ಸುತ್ತ ಮಡಚಿ ಒತ್ತಿ. ಮೂಲೆಗಳಲ್ಲಿ ಕತ್ತರಿಯಿಂದ ಸಣ್ಣ ಕಚ್ಚು ಕೊಟ್ಟರೆ ಸುಕ್ಕು ಬರುವುದಿಲ್ಲ. ಆಮೇಲೆ ಬದಿಯ ಚೌಕಗಳು, ಒಂದೊಂದಾಗಿ. ಯಾವ ಮುಖಕ್ಕೆ ಕಾಗದ ಹಚ್ಚುತ್ತೀರೋ ಅದರ ಕರ್ಣವನ್ನು ಮಾತ್ರ ಬಿಚ್ಚಿ, ಕಾಗದ ಹಚ್ಚಿ, ಅದು ಪೂರ್ತಿ ಆರಿದ ಮೇಲೆಯೇ ಮುಂದಿನದಕ್ಕೆ ಹೋಗಿ. ಬಿಗಿಯಾಗಿ ಆರಿದ ಕಾಗದ ಕರ್ಣ ಮಾಡುತ್ತಿದ್ದ ಕೆಲಸವನ್ನು ತಾನು ಮಾಡುತ್ತದೆ. ನಾಲ್ಕು ಕರ್ಣಗಳನ್ನೂ ಒಟ್ಟಿಗೆ ಕಿತ್ತರೆ ಅಷ್ಟು ಕಷ್ಟಪಟ್ಟು ನೇರ ಮಾಡಿದ ಗೂಡು ಮತ್ತೆ ವಾಲುತ್ತದೆ.

ಬಿಳಿ ಕಾಗದ ಅಲ್ಲಲ್ಲಿ ಸಡಿಲವಾಗಿ ಕಂಡರೆ ಗಾಬರಿ ಬೇಡ. ಅಂಟು ಆರಿದ ಮೇಲೆ ಇಸ್ತ್ರಿಗೆ ನೀರು ಚಿಮುಕಿಸುವ ಬಾಟಲಿಯಿಂದ ದೂರದಿಂದ ಬಹಳ ತೆಳುವಾಗಿ ನೀರು ಹೊಡೆಯಿರಿ. ಒದ್ದೆಯಾದಾಗ ಇನ್ನಷ್ಟು ಜೋಲುತ್ತದೆ, ಆರುವಾಗ ಕುಗ್ಗಿ ಬಿಗಿಯಾಗುತ್ತದೆ. ಬಣ್ಣದ ಕಾಗದಕ್ಕೆ ಈ ಉಪಾಯ ಮಾಡುವ ಮೊದಲು ಒಂದು ಚೂರಿನ ಮೇಲೆ ಪರೀಕ್ಷಿಸಿ. ಕೆಲವು ಕಾಗದಗಳ ಬಣ್ಣ ನೀರು ತಾಗಿದ ತಕ್ಷಣ ಬಿಡುತ್ತದೆ.

ಬಾಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉದ್ದುದ್ದ ಕಾಗದದ ಪಟ್ಟಿಗಳನ್ನು ತಳದ ನಾಲ್ಕು ಮೂಲೆಗೂ ನಡುವಿನ ನಾಲ್ಕು ಮೂಲೆಗೂ ಅಂಟಿಸಿ. ಮೊಣಕೈ ಉದ್ದ ಸಾಕು, ಅದಕ್ಕಿಂತ ಉದ್ದವಾದರೆ ಗಾಳಿಗೆ ಸುತ್ತಿಕೊಳ್ಳುತ್ತವೆ.

ದೀಪ

ಐದರಿಂದ ಏಳು ವಾಟ್‌ನ ಎಲ್‌ಇಡಿ ಬಲ್ಬು, ಹಳದಿ ಬೆಳಕಿನದ್ದು. ಹಳೆಯ 60 ವಾಟ್ ಬಲ್ಬು ಮನೆಯಲ್ಲಿ ಎಲ್ಲೋ ಉಳಿದಿದ್ದರೂ ಇದಕ್ಕೆ ಹಾಕಬೇಡಿ, ಅದರ ಬಿಸಿಗೆ ಕಾಗದ ಮೊದಲು ಕಂದಾಗಿ ಆಮೇಲೆ ಸುಡುತ್ತದೆ. ಬೆಳ್ಳಗಿನ ತಂಪು ಬೆಳಕಿನ ಎಲ್‌ಇಡಿ ಹಾಕಿದರೆ ಕೆಂಪು ಕಾಗದವೂ ಸಪ್ಪೆಯಾಗಿ ಕಾಣುತ್ತದೆ. ಏಳು ವಾಟ್‌ನ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ ಸುಮಾರು ಒಂದು ಯೂನಿಟ್. ಕಾರ್ತಿಕ ಪೂರ್ತಿ ಉರಿಸಿದರೂ ಕರೆಂಟ್ ಬಿಲ್ ನೋಡಿ ಯಾರೂ ಮುಖ ಗಂಟಿಕ್ಕುವುದಿಲ್ಲ.

ಹೋಲ್ಡರನ್ನು ಮೇಲಿನ ಚೌಕದ ಕರ್ಣಕ್ಕೆ, ಸರಿಯಾಗಿ ನಡುವಿಗೆ ಕಟ್ಟಿ. ಬಲ್ಬು ಯಾವ ಕಾಗದಕ್ಕೂ ತಾಗದೆ ಗೂಡಿನ ನಡುವೆ ಇರಬೇಕು. ಗೂಡುದೀಪದ ಭಾರವನ್ನು ವಯರ್ ಹೊರಬಾರದು: ಮೇಲಿನ ನಾಲ್ಕು ಮೂಲೆಗಳಿಂದ ನಾಲ್ಕು ಹುರಿ ಎತ್ತಿ ಒಂದೇ ಗಂಟಿಗೆ ತಂದು, ಆ ಗಂಟನ್ನು ಕೊಕ್ಕೆಗೆ ಸಿಕ್ಕಿಸಿ. ವಯರ್ ಪಕ್ಕದಲ್ಲಿ ಸಡಿಲವಾಗಿ ಇಳಿಯಲಿ. ವಯರಿನ ನಡುವೆ ಎಲ್ಲೂ ಟೇಪು ಸುತ್ತಿದ ಜೋಡಣೆ ಇರಕೂಡದು. ಸಂಜೆ ಗುಡುಗು ಶುರುವಾದರೆ ಮೊದಲು ಪ್ಲಗ್ ತೆಗೆಯಿರಿ.

ಒಳಗೆ ಎಣ್ಣೆಯ ಹಣತೆ ಇಡುವ ಆಸೆ ಕೆಲವರಿಗೆ ಇರುತ್ತದೆ. ಕಾಗದದ ಗೂಡಿಗೆ ಬೇಡ. ಹಳ್ಳಿಮನೆಗಳಲ್ಲಂತೂ ಇದು ಏಣಿಲು ಬೆಳೆಯ (ಮಳೆಗಾಲದ ಭತ್ತದ) ಕೊಯ್ಲು ಮುಗಿದು ಅಂಗಳದ ಬದಿಯಲ್ಲಿ ಬೈಹುಲ್ಲಿನ ಕುತ್ತರಿ ನಿಲ್ಲುವ ಕಾಲ. ಹಣತೆಗಳನ್ನು ತುಳಸಿಕಟ್ಟೆಗೂ ಮೆಟ್ಟಿಲಿಗೂ ಇಡಿ, ಗೂಡಿಗೆ ಬಲ್ಬೇ ಇರಲಿ.

ಎಲ್ಲಿ ತೂಗುಹಾಕುವುದು, ಎಷ್ಟು ದಿನ

ಹಿಂದೆ ಅಂಗಳದಲ್ಲಿ ಎತ್ತರದ ಬಿದಿರಿನ ಗಳ ನೆಟ್ಟು, ಹಗ್ಗ ಎಳೆದು ದೀಪವನ್ನು ಮೇಲೇರಿಸುತ್ತಿದ್ದರು. ಜಾಗವೂ ಉತ್ಸಾಹವೂ ಇದ್ದರೆ ಈಗಲೂ ಮಾಡಬಹುದು. ಆದರೆ ಕಾಗದದ ಗೂಡುದೀಪಕ್ಕೆ ಮಳೆಗಿಂತ ದೊಡ್ಡ ಶತ್ರು ಇಬ್ಬನಿ. ಮಳೆ ಬರುವುದು ಕಾಣುತ್ತದೆ, ಓಡಿ ತೆಗೆಯುತ್ತೇವೆ. ಇಬ್ಬನಿ ನಾವು ಮಲಗಿದ ಮೇಲೆ ಇಳಿದು, ಬೆಳಗಾಗುವುದರೊಳಗೆ ಅಂಟನ್ನೆಲ್ಲ ಮೆತ್ತಗಾಗಿಸಿರುತ್ತದೆ. ನವೆಂಬರ್ ಮುಗಿಯುತ್ತ ಬಂದ ಹಾಗೆ ಇದು ಹೆಚ್ಚುತ್ತದೆ. ಆದ್ದರಿಂದ ಮಾಡಿನ ಅಂಚಿನಿಂದ ಎರಡಡಿಯಾದರೂ ಒಳಗೆ, ಜಗಲಿಯಲ್ಲೋ ಸಿಟೌಟಿನಲ್ಲೋ ತೂಗುಹಾಕಿ. ತೆರೆದ ಜಾಗದಲ್ಲೇ ಬೇಕೆಂದರೆ ಮಲಗುವ ಮುನ್ನ ಇಳಿಸಿ ಒಳಗೆ ತರುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿ. ಎಲ್ಲರಿಗೂ ವಹಿಸಿದರೆ ಯಾರೂ ತರುವುದಿಲ್ಲ.

ಫ್ಲಾಟಿನಲ್ಲಿ ಇರುವವರಿಗೆ ಇಬ್ಬನಿಯ ಕಾಟ ಕಡಿಮೆ, ಗಾಳಿಯ ಕಾಟ ಹೆಚ್ಚು. ಪಡುಗಡೆಗೆ ಬಾಲ್ಕನಿ ಇದ್ದರೆ ಸಂಜೆಯ ಕಡಲಗಾಳಿಗೆ ಗೂಡುದೀಪ ಗಿರಗಿರನೆ ತಿರುಗಿ ಹುರಿಗಳೆಲ್ಲ ಹೊಸೆದುಕೊಳ್ಳುತ್ತವೆ. ತಳದ ಎರಡು ಮೂಲೆಯಿಂದ ತೆಳು ದಾರ ಇಳಿಬಿಟ್ಟು ಕಂಬಿಗೆ ಸಡಿಲವಾಗಿ ಕಟ್ಟಿ. ತೂಗಲಿ, ತಿರುಗದಿರಲಿ.

ದೀಪಾವಳಿಯ ಮೂರು ದಿನ ಕಳೆದ ಕೂಡಲೇ ಇಳಿಸಬೇಕಾಗಿಲ್ಲ. ಬಲೀಂದ್ರ ಪೂಜೆಯಾಗಿ ಹತ್ತು ಹನ್ನೆರಡು ದಿನಕ್ಕೆ ಉತ್ಥಾನ ದ್ವಾದಶಿಯ ತುಳಸಿ ಪೂಜೆ. ಕಾಯಿ ಇರುವ ನೆಲ್ಲಿಯ ಗೆಲ್ಲನ್ನು ತುಳಸಿಯ ಪಕ್ಕ ನೆಟ್ಟು ದೀಪ ಹಚ್ಚುವ ಆ ಸಂಜೆ ಗೂಡುದೀಪವೂ ಉರಿಯುತ್ತಿರಬೇಕು. ಉಡುಪಿಯ ಶ್ರೀಕೃಷ್ಣ ಮಠದಲ್ಲಿ ಲಕ್ಷದೀಪೋತ್ಸವ ಶುರುವಾಗುವುದೂ ಅಂದಿನಿಂದಲೇ. ರಥಬೀದಿಗೆ ಹೋಗಿ ಬಂದವರಿಗೆ ಮನೆಯ ಬಾಗಿಲಲ್ಲಿ ಒಂದಾದರೂ ದೀಪ ಇರಲಿ.

ಬೇರೆಯವರ ಕೈಕೆಲಸ ನೋಡಬೇಕೆಂದಿದ್ದರೆ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಯುವ ಗೂಡುದೀಪ ಸ್ಪರ್ಧೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಸಾಂಪ್ರದಾಯಿಕ, ಆಧುನಿಕ, ಪ್ರತಿಕೃತಿ ಎಂದು ವಿಭಾಗ ಮಾಡಿ ಸಾಲಾಗಿ ತೂಗುಹಾಕಿರುತ್ತಾರೆ. ಧಾನ್ಯದ ಕಾಳುಗಳನ್ನು ಒಂದೊಂದಾಗಿ ಅಂಟಿಸಿದವು ಎಲ್ಲರ ಕಣ್ಣಿಗೆ ಮೊದಲು ಬೀಳುತ್ತವೆ. ನೀವು ಸಾಂಪ್ರದಾಯಿಕ ವಿಭಾಗದ ಮುಂದೆ ನಿಂತು ಮೂಲೆಗಳನ್ನು ನೋಡಿ. ಒಮ್ಮೆ ಸ್ವತಃ ಕಟ್ಟಿದವರಿಗೆ ಅಲ್ಲಿ ನೋಡಲು ಬಹಳ ಇದೆ.

ಇಳಿಸಿದ ಮೇಲೆ

ಕಾಗದವನ್ನು ಒದ್ದೆ ಬಟ್ಟೆ ಒತ್ತಿ ಬಿಡಿಸಿ ತೆಗೆಯಿರಿ. ಅಂಟು ಮೆತ್ತಿದ ಕಾಗದವನ್ನು ಹಾಗೆಯೇ ಅಟ್ಟಕ್ಕೆ ಹಾಕಿದರೆ ಮುಂದಿನ ಮಳೆಗಾಲದಲ್ಲಿ ಜಿರಳೆಗಳಿಗೆ ಔತಣ. ಕಡ್ಡಿಗಳನ್ನು ಒರೆಸಿ, ಒಂದು ದಿನ ಬಿಸಿಲಿಗಿಟ್ಟು, ಬದಿಯ ನಾಲ್ಕು ಕರ್ಣಗಳನ್ನು ಮತ್ತೆ ಕಟ್ಟಿ ಒಣ ಜಾಗದಲ್ಲಿ ತೂಗುಹಾಕಿ. ಸೌದೆ ಒಲೆ ಇರುವ ಮನೆಯಾದರೆ ಒಲೆಯ ಮೇಲಿನ ಅಟ್ಟವೇ ಒಳ್ಳೆಯದು, ಹೊಗೆ ತಾಗಿದ ಬಿದಿರಿಗೆ ಹುಳು ಬೀಳುವುದಿಲ್ಲ. ಚೆನ್ನಾಗಿ ಕಟ್ಟಿದ ಗೂಡು ಮೂರು ನಾಲ್ಕು ದೀಪಾವಳಿಗೆ ಬರುತ್ತದೆ, ಪ್ರತಿ ವರ್ಷ ಕಾಗದ ಮಾತ್ರ ಹೊಸದು.

ಇನ್ನು ತುಂಡು ಕೊಯ್ದು ಉಳಿದ ಬಿದಿರಿಗೂ ಕೆಲಸವಿದೆ. ಡಿಸೆಂಬರ್ ಬಂತೆಂದರೆ ನೆರೆಮನೆಯಲ್ಲಿ ಕ್ರಿಸ್ಮಸ್‌ಗೆ ನಕ್ಷತ್ರ ಕಟ್ಟುತ್ತಾರೆ, ಗೋದಲಿಗೆ ಹಸಿರು ಬೇಕೆಂದು ತಟ್ಟೆಯಲ್ಲಿ ಭತ್ತವನ್ನೋ ರಾಗಿಯನ್ನೋ ಬಿತ್ತುತ್ತಾರೆ. ನಿಮ್ಮ ಮಕ್ಕಳೂ ಅಲ್ಲೇ ಇರುತ್ತಾರೆ, ಕುಸ್ವಾರಿನ (ಕ್ರಿಸ್ಮಸ್ ತಿಂಡಿಗಳ) ಡಬ್ಬದ ಹತ್ತಿರ. ಕಟ್ಟಲು ಕಲಿತ ಕೈಗಳನ್ನು ಅಲ್ಲಿಗೂ ಕಳುಹಿಸಿ. ನಕ್ಷತ್ರಕ್ಕೆ 60 ಸೆಂ.ಮೀ. ಉದ್ದದ ಹತ್ತು ಕಡ್ಡಿ ಬೇಕು. ಇದಕ್ಕೆ ಗೆಣ್ಣು ಸೇರಿಸಿಯೇ ಸೀಳಬೇಕಾಗುತ್ತದೆ, ಗೆಣ್ಣಿನ ಉಬ್ಬನ್ನು ಚೂರಿಯಿಂದ ಮಟ್ಟಸ ಮಾಡಿಕೊಳ್ಳಿ. ಐದು ಕಡ್ಡಿಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹಾಯಿಸಿ ಐದು ಮೂಲೆಯ ನಕ್ಷತ್ರ ಹೆಣೆಯಿರಿ. ಪ್ರತಿ ಕಡ್ಡಿಯೂ ತುದಿಯಿಂದ 23 ಸೆಂ.ಮೀ. ದೂರದಲ್ಲಿ ಇನ್ನೊಂದನ್ನು ದಾಟಬೇಕು, ಎರಡೂ ತುದಿಯಿಂದ ಅಷ್ಟೇ. ಈ ಗುರುತುಗಳನ್ನು ಮೊದಲೇ ಹಾಕಿಕೊಂಡರೆ ಐದೂ ಕೋಡುಗಳು ಸಮವಾಗಿ ಬರುತ್ತವೆ. ಇಂಥ ಎರಡು ನಕ್ಷತ್ರ ಮಾಡಿ, ಒಂದರ ಮೇಲೊಂದು ಇಟ್ಟು ಐದು ತುದಿಗಳನ್ನು ಕಟ್ಟಿ. ನಡುವಿನ ಐದು ದಾಟುಗಳಲ್ಲಿ ಎರಡರ ನಡುವೆ 10 ಸೆಂ.ಮೀ. ಉದ್ದದ ಗೂಟಗಳನ್ನು ನಿಲ್ಲಿಸಿದರೆ ನಕ್ಷತ್ರ ಉಬ್ಬಿ ಒಳಗೆ ಬಲ್ಬಿಗೆ ಜಾಗವಾಗುತ್ತದೆ. ಗೂಟದ ಎರಡೂ ತುದಿಗೆ ಸಣ್ಣ ಕಚ್ಚು ಕೊಟ್ಟರೆ ಜಾರುವುದಿಲ್ಲ. ಬಲ್ಬು ಇಳಿಸಲು ಎರಡು ಕೋಡುಗಳ ನಡುವಿನ ಸಂದಿನಲ್ಲಿ ಕಾಗದ ಹಚ್ಚದೆ ಬಿಡಿ, ಉಳಿದ ಕ್ರಮವೆಲ್ಲ ಗೂಡುದೀಪದ್ದೇ.